ಬೆಟ್ಟಮ್ಮನವರ ಅನಧಿಕೃತ ಸ್ವರಕ್ಷಣೆ

ಮದ್ದೂರು ತಾಲ್ಲೂಕು ಆತಗೂರಿನ ಬೆಟ್ಟಮ್ಮನವರು, ವಯಸ್ಸು ಐವತ್ತೆಂಟು, ದಿನಾಂಕ ಮೂರರ ಮಂಗಳವಾರ ಸಂಜೆ ನಾಲ್ಕೂಕಾಲು ಗಂಟೆಗೆ ಯಾವ ತರಬೇತಿಯನ್ನೂ ಪಡೆಯದೆ, ಯಾವ ಕಚೇರಿಯ ಅನುಮತಿಯನ್ನೂ ಕೇಳದೆ, ತಮ್ಮನ್ನು ತಾವೇ ರಕ್ಷಿಸಿಕೊಂಡರು. ಮುಂದಿನ ಏಳು ವಾರ ನಮ್ಮ ಘಟಕ ಮಾಡಿದ್ದೆಲ್ಲ ಈ ತಪ್ಪನ್ನು ಸರಿಪಡಿಸುವ ಕೆಲಸ.

ನಮ್ಮದು ಮಂಡ್ಯದ ಮಹಿಳಾ ಸ್ವರಕ್ಷಣಾ ಪ್ರೋತ್ಸಾಹ ಘಟಕ. ನಾನು ಅಲ್ಲಿನ ದ್ವಿತೀಯ ದರ್ಜೆ ಸಹಾಯಕ, ಸಿದ್ದರಾಜು. ಸಭೆಗಳ ನಡವಳಿ ಬರೆಯುವುದು ನನ್ನ ಪಾಲಿನ ಕೆಲಸವಾದ್ದರಿಂದ ನಡೆದದ್ದನ್ನು ನಡೆದಂತೆ ಹೇಳಬಲ್ಲೆ.

ಬೆಟ್ಟಮ್ಮನವರು ಶಾಲೆಯ ಬಿಸಿಯೂಟದ ಅಡುಗೆಯವರು. ಅಂದು ಪಾತ್ರೆ ತೊಳೆದಿಟ್ಟು, ಅಡುಗೆಮನೆಗೆ ಬೀಗ ಹಾಕಿ, ಬ್ಯಾಗು ಹೆಗಲಿಗೇರಿಸಿ ಮನೆಗೆ ಹೊರಟಿದ್ದರು. ನಾಲೆಯ ತಿರುವಿನಲ್ಲಿ ಹೆಲ್ಮೆಟ್ಟು ಹಾಕಿದ ಯುವಕನೊಬ್ಬ ಸ್ಕೂಟರು ನಿಲ್ಲಿಸಿ ಮದ್ದೂರಿಗೆ ದಾರಿ ಕೇಳಿದ. ಬೆಟ್ಟಮ್ಮ ದಾರಿ ತೋರಿಸಲು ಕೈಯೆತ್ತಿದಾಗ ಅವನು ಬ್ಯಾಗಿಗೆ ಕೈ ಹಾಕಿದ. ಬ್ಯಾಗಿನ ಪಟ್ಟಿ ಅವರ ತೋಳಿಗೆ ಸುತ್ತಿಕೊಂಡಿದ್ದರಿಂದ ಬ್ಯಾಗಿನ ಜೊತೆ ಬೆಟ್ಟಮ್ಮನವರೂ ಬಂದರು. ಯುವಕನ ಮುಂಗೈ ಅವರ ಬಾಯಿಯ ನೇರಕ್ಕೆ ಸಿಕ್ಕಿತು. ಅವರು ಕಚ್ಚಿದರು. ಸ್ಕೂಟರು ಕಬ್ಬಿನ ಗದ್ದೆಯ ಬದುವಿಗೆ ಉರುಳಿತು. ಯುವಕ ಕೆಳಗೆ ಬಿದ್ದ. ಬೆಟ್ಟಮ್ಮನವರು ಅವನ ಮೇಲೆ ಕೂತರು.

ಕೂತೇ ಇದ್ದರು, ನಲವತ್ತು ನಿಮಿಷ. ಕೂಗಿ ಜನರನ್ನು ಕರೆಯೋಣವೆಂದರೆ ಅವರ ಕಟ್ಟಿಸಿದ ಹಲ್ಲಿನ ಸೆಟ್ಟು ಯುವಕನ ರೆಕ್ಸಿನ್ ಜಾಕೆಟ್ಟಿನ ತೋಳಿನಲ್ಲಿ ನಾಟಿಕೊಂಡು ಉಳಿದಿತ್ತು. ಜೋರಾಗಿ ಕೂಗಿದರೆ ಬಾಯಿಂದ ಬರೀ ಗಾಳಿ ಬರುತ್ತಿತ್ತು.

"ಉಸ್ರು ಕಟ್ತದೆ ಕಣಮ್ಮ. ವಸಿ ಪಕ್ಕಕ್ಕೆ ಕೂತ್ಕಳಿ," ಎಂದನಂತೆ ಯುವಕ.

ಬೆಟ್ಟಮ್ಮ ಸ್ವಲ್ಪ ಸರಿದು ಕೂತರು. "ಯಾವೂರ್ಲಾ? ಎಸ್ರೇನು?" ಎಂದು ಕೇಳಿದರು.

ಹೆಸರು ಶಶಿಧರ್ ಎಂದ. ಊರು ಹೇಳಲಿಲ್ಲ, ಅಪ್ಪ ಅಮ್ಮನಿಗೆ ಗೊತ್ತಾಗಬಾರದಂತೆ. ಹಾಲಿನ ವ್ಯಾನು ಬಂದು, ಅದರ ಡ್ರೈವರು ಪೊಲೀಸರಿಗೆ ಫೋನು ಮಾಡಿ, ಪೊಲೀಸರು ಬಂದು ಬೆಟ್ಟಮ್ಮನವರನ್ನು ಎಬ್ಬಿಸಿದರು. ಬ್ಯಾಗು ಉಳಿಯಿತು. ಹಲ್ಲಿನ ಸೆಟ್ಟು ಜಾಕೆಟ್ಟಿನ ಸಮೇತ ಠಾಣೆಗೆ ಹೋಯಿತು.

ಮಾರನೆಯ ದಿನ ಪತ್ರಿಕೆಯಲ್ಲಿ ಮೂರು ಸಾಲಿನ ಸುದ್ದಿ ಬಂತು. ನಮ್ಮ ಯೋಜನಾಧಿಕಾರಿ ಮಹದೇವು ಸಾಹೇಬರು ಅದನ್ನು ಓದಿ ಕುರ್ಚಿಯಿಂದ ಎದ್ದು ನಿಂತದ್ದನ್ನು ನಾನು ನೋಡಿದೆ. ಘಟಕವು ಮೂರು ವರ್ಷದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಮಹಿಳೆಯರಿಗೆ ಕರಾಟೆ, ಟೇಕ್ವಾಂಡೊ ಮತ್ತು ಕುಸ್ತಿಯ ತರಬೇತಿ ಕೊಟ್ಟಿತ್ತು. ಅವರಲ್ಲಿ ಒಬ್ಬರೂ ಇದುವರೆಗೆ ಯಾರನ್ನೂ ಹಿಮ್ಮೆಟ್ಟಿಸಿದ ವರದಿ ಇರಲಿಲ್ಲ. ವಾರ್ಷಿಕ ಪುಸ್ತಕದಲ್ಲಿ 'ಯಶೋಗಾಥೆ' ಎಂಬ ಪುಟ ಮೂರು ವರ್ಷವೂ ಖಾಲಿ ಅಚ್ಚಾಗಿತ್ತು.

"ಸಿದ್ದರಾಜು, ಆಯಮ್ಮನ್ನ ಕರೆಸು," ಎಂದರು ಸಾಹೇಬರು.

ಬೆಟ್ಟಮ್ಮನವರು ಬಂದರು. ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ನಾನು ನಮೂನೆ ಒಂಬತ್ತನ್ನು ತೆಗೆದು ಒಂದೊಂದೇ ಅಂಕಣ ತುಂಬಿಸಿದೆ. ಹದಿನಾಲ್ಕನೆಯ ಅಂಕಣ ಹೀಗಿದೆ: 'ಬಳಸಿದ ಕಲೆ: ಕರಾಟೆ / ಟೇಕ್ವಾಂಡೊ / ಕುಸ್ತಿ. ಅನ್ವಯಿಸದ್ದನ್ನು ಹೊಡೆದುಹಾಕಿ.'

"ನಾನ್ ಕಚ್ದೆ ಕಣಪ್ಪ. ಆಮೇಲೆ ಕೂತ್ಕಂಡೆ," ಎಂದರು ಬೆಟ್ಟಮ್ಮ.

ನಾನು ಮೂರನ್ನೂ ಹೊಡೆದುಹಾಕಿದೆ. ಸಾಹೇಬರು ಅದನ್ನು ನೋಡಿ ನೊಂದುಕೊಂಡರು. ಮೂರನ್ನೂ ಹೊಡೆದರೆ ಅಂಕಣ ಖಾಲಿಯಾಗುತ್ತದೆ, ಅಂಕಣ ಖಾಲಿಯಾದರೆ ರಕ್ಷಣೆ ನಡೆದಿಲ್ಲ ಎಂದರ್ಥ, ರಕ್ಷಣೆ ನಡೆದಿಲ್ಲವೆಂದರೆ ಈ ತಾಯಿಯ ಬ್ಯಾಗು ಕಳುವಾಗಿದೆ ಎಂದು ವಿವರಿಸಿದರು. ಬೆಟ್ಟಮ್ಮ ತಮ್ಮ ತೊಡೆಯ ಮೇಲಿದ್ದ ಬ್ಯಾಗನ್ನು ಮುಟ್ಟಿ ನೋಡಿಕೊಂಡರು.

"ಅದೆಲ್ಲ ಎಂಗಾರ ಬರ್ಕಳಿ ಸಾಮಿ. ನನ್ನಲ್ಲು ಕೊಡ್ಸಿ," ಎಂದರು.

ಹಲ್ಲು ಆ ಹೊತ್ತಿಗೆ ನಮ್ಮ ಕಚೇರಿಗೇ ಬಂದಿತ್ತು. ಯಾವ ಕಲೆ ಎಂದು ತಾಂತ್ರಿಕ ಅಭಿಪ್ರಾಯ ಕೊಡಬೇಕೆಂದು ಠಾಣೆಯವರು ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿ ಕಳಿಸಿದ್ದರು. ಅಭಿಪ್ರಾಯ ಆಗುವವರೆಗೂ ಅದು ಮುದ್ದೆಮಾಲು, ಕೊಡಲು ಬರುವುದಿಲ್ಲ ಎಂದು ನಾನು ಹೇಳಿದೆ. ಮುದ್ದೆಮಾಲು ಎಂದರೆ ಪ್ರಕರಣಕ್ಕೆ ಸೇರಿದ ಸಾಕ್ಷಿವಸ್ತು. ಬೆಟ್ಟಮ್ಮನವರು ಅದನ್ನು ಬೇರೆಯಾಗಿ ತಿಳಿದರು.

"ಮುದ್ದೆಗೆ ಅಲ್ಲು ಬ್ಯಾಡ ಕಣಪ್ಪ, ಎಂಗೂ ನುಂಗ್ತೀನಿ. ಮುಂದ್ಲ ತಿಂಗ್ಳು ಅತ್ತೊಂಬತ್ತಕ್ಕೆ ಕಿರುಗಾವಲಲ್ಲಿ ನನ್ ತಮ್ಮನ್ ಮಗಳ ಬೀಗರೂಟ ಅದೆ. ಬಾಡು ನುಂಗಕ್ಕಾಯ್ತದಾ?"

ಆ ಸೆಟ್ಟನ್ನು ಕಟ್ಟಿಸಲು ಮದ್ದೂರಿನ ಹಲ್ಲಿನ ಡಾಕ್ಟರ ಬಳಿಗೆ ಅವರು ಮೂರು ತಿಂಗಳು ಅಲೆದಿದ್ದರು. ಕಳೆದ ವರ್ಷದ ಹಬ್ಬಗಳಲ್ಲಿ ಮಾಂಸ ಬಿಟ್ಟು ಬರೀ ಸಾರು ಕುಡಿದು ಎದ್ದಿದ್ದರಂತೆ. ಹತ್ತೊಂಬತ್ತರೊಳಗೆ ತೀರ್ಮಾನ ಮಾಡೋಣ ಎಂದು ಸಾಹೇಬರು ಮಾತು ಕೊಟ್ಟರು. ಒಂದು ತಜ್ಞರ ಸಮಿತಿ ರಚನೆಯಾಯಿತು.

ಸಮಿತಿಯಲ್ಲಿ ಮೂವರು. ಮದ್ದೂರಿನಲ್ಲಿ ಸ್ಕೂಟರು ಗ್ಯಾರೇಜು ಇಟ್ಟುಕೊಂಡಿರುವ, ಬ್ಲ್ಯಾಕ್ ಬೆಲ್ಟು ಪಡೆದ ಕರಾಟೆ ಮಾಸ್ಟರು ನವೀದ್. ಮಳವಳ್ಳಿಯ ಟೇಕ್ವಾಂಡೊ ಮಾಸ್ಟರು ಶಿವಣ್ಣ. ಮಂಡ್ಯದ ಗರಡಿಯ ಹಿರಿಯ ಪೈಲ್ವಾನರು ಕರಿಯಪ್ಪ. ಮೊದಲ ಸಭೆಯಲ್ಲೇ ಭಿನ್ನಾಭಿಪ್ರಾಯ ಬಂತು. ಎದುರಾಳಿಯನ್ನು ನೆಲಕ್ಕೆ ಹಾಕಿ ಮೇಲೆ ಕೂತದ್ದು ಶುದ್ಧ ಕುಸ್ತಿ ಎಂದರು ಕರಿಯಪ್ಪ. ಸ್ಕೂಟರು ಉರುಳಿದ್ದು ಕಾಲಿನ ಕೆಲಸ, ಆದ್ದರಿಂದ ಟೇಕ್ವಾಂಡೊ ಎಂದರು ಶಿವಣ್ಣ. ನವೀದ್ ಮಾತ್ರ, "ಸಾರ್, ನಿಜ ಹೇಳ್ಬೇಕಂದ್ರೆ ಕ್ಲಾಸಿಗೆ ಬರೋ ಹೆಣ್ಮಕ್ಕಳಿಗೆ ನಾನು ಮೊದಲು ಹೇಳೋದೇ ಓಡಿ ಅಂತ," ಎಂದರು.

"ಓಡುವುದು ಕ್ರೀಡಾ ವಿಭಾಗಕ್ಕೆ ಸೇರುತ್ತದೆ," ಎಂದರು ಸಾಹೇಬರು.

"ಆಮೇಲೆ ಕೂಗಿ ಅಂತೀನಿ."

"ಶಬ್ದ ಮಾಲಿನ್ಯದವರ ಅಭಿಪ್ರಾಯ ಪಡೆಯಬೇಕಾಗುತ್ತದೆ."

"ಸಿಕ್ಕಿಬಿದ್ರೆ ಕಚ್ಚಿ ಅಂತೀನಿ ಸಾರ್."

"ಅದು ಪಶುಸಂಗೋಪನೆ," ಎಂದರು ಸಾಹೇಬರು. ನಾನು ಮೂರನ್ನೂ ನಡವಳಿಯಲ್ಲಿ ಬರೆದುಕೊಂಡೆ.

ಯಾವ ಕಲೆ ಎಂದು ತಿಳಿಯಬೇಕಾದರೆ ಅದೇ ದಾಳಿಯನ್ನು ಮೂರು ಕಲೆಗಳ ಮೇಲೂ ನಡೆಸಿ ನೋಡಬೇಕು ಎಂದು ತೀರ್ಮಾನವಾಯಿತು. ಅದೇ ದಾಳಿಗೆ ಅದೇ ದಾಳಿಕೋರ ಬೇಕಲ್ಲ. ಶಶಿಧರ್ ಜಾಮೀನಿನ ಮೇಲೆ ಹೊರಗಿದ್ದ. ಅವನಿಗೆ 'ಕ್ಷೇತ್ರ ಪರಿಣತರು' ಎಂಬ ಹೆಸರಿನಲ್ಲಿ ಆಹ್ವಾನ ಪತ್ರ ಹೋಯಿತು. ಜೀವನದಲ್ಲಿ ಸರ್ಕಾರದಿಂದ ಬಂದ ಮೊದಲ ಮರ್ಯಾದೆಯ ಪತ್ರ ಇದು ಎಂದು ಅವನು ಆಮೇಲೆ ನನ್ನ ಬಳಿ ಹೇಳಿದ.

ಪರೀಕ್ಷೆ ನಡೆದದ್ದು ಭಾರತೀನಗರದ ಒಂದು ಮೈದಾನದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ಕಬ್ಬಿನ ಲಾರಿಗಳ ಸದ್ದಿಗೆ ಸೀಟಿ ಕೇಳಿಸುತ್ತಿರಲಿಲ್ಲವಾದ್ದರಿಂದ ಸಾಹೇಬರು ಟವಲು ಬೀಸುವುದೆಂದಾಯಿತು. ಬೆಟ್ಟಮ್ಮನವರು ಸಾಕ್ಷಿಯಾಗಿ ಮರದಡಿ ಕೂತರು. ಅವರ ಬ್ಯಾಗನ್ನು ತಜ್ಞರು ಸರದಿಯಂತೆ ಹೆಗಲಿಗೆ ಹಾಕಿಕೊಳ್ಳಬೇಕು.

ಮೊದಲು ನವೀದ್. ಕರಾಟೆಯ ನಿಯಮದಂತೆ ಅವರು ಎದುರಾಳಿಗೆ ಬಾಗಿ ವಂದಿಸಿದರು. ತಲೆಯೆತ್ತುವಷ್ಟರಲ್ಲಿ ಶಶಿಧರ್ ಬ್ಯಾಗಿನ ಸಮೇತ ಮೈದಾನದ ಆ ತುದಿಯಲ್ಲಿದ್ದ. ನವೀದ್ ಮೆಚ್ಚಿಕೆಯಿಂದ ತಲೆಯಾಡಿಸಿದರು. ಸ್ಕೂಟರಿನ ಕ್ಲಚ್ಚು ಚೆನ್ನಾಗಿದೆ ಎಂದು ಹೇಳಿದ್ದನ್ನು ನಾನು ದಾಖಲಿಸಿದ್ದೇನೆ.

ಎರಡನೆಯವರು ಕರಿಯಪ್ಪ. ಅವರು ಅಂಗಿ ಕಳಚಿ, ಲಂಗೋಟಿ ಬಿಗಿದು, ಗರಡಿಯಿಂದ ಡಬ್ಬಿಯಲ್ಲಿ ತಂದಿದ್ದ ಕೆಮ್ಮಣ್ಣನ್ನು ಮೈಗೆ ಬಳಿದುಕೊಂಡರು. ತೊಡೆ ತಟ್ಟಿದ ಸದ್ದಿಗೆ ಬೇಲಿಯ ಮೇಲಿದ್ದ ಕಾಗೆಗಳು ಎದ್ದವು. ಬ್ಯಾಗು ಹಾಕಿಕೊಂಡು ಕುಸ್ತಿ ಆಡುವುದು ಸಂಪ್ರದಾಯವಲ್ಲವಾದ್ದರಿಂದ ಅದನ್ನು ಬೆಂಚಿನ ಮೇಲೆ ಇಟ್ಟಿದ್ದರು. ಶಶಿಧರ್ ಅದನ್ನು ಬೆಂಚಿನ ಮೇಲಿಂದ ತೆಗೆದುಕೊಂಡು ಹೋದ.

"ಕೈ ಕುಲುಕದೆ ಓದ್ನಲ್ಲ," ಎಂದರು ಕರಿಯಪ್ಪ. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ಶಿವಣ್ಣ ಎಚ್ಚರಿಕೆಯಿಂದಿದ್ದರು. ಸ್ಕೂಟರು ಹತ್ತಿರ ಬರುತ್ತಲೇ ತಿರುಗಿ ಎಗರಿ ತಲೆಯ ಎತ್ತರಕ್ಕೆ ಒದ್ದರು. ಒದೆತ ಬಹಳ ಸುಂದರವಾಗಿತ್ತು, ಸರಿಯಾಗಿ ಹೆಲ್ಮೆಟ್ಟಿಗೇ ಬಿತ್ತು. ಶಿವಣ್ಣನವರ ಪಾದ ಐದು ನಿಮಿಷದಲ್ಲಿ ಊದಿಕೊಂಡಿತು. ಶಶಿಧರ್ ಗಾಡಿ ನಿಲ್ಲಿಸಿ, "ನೋವಾಯ್ತಾ ಅಣ್ಣ?" ಎಂದು ಕೇಳಿ, ಅವರನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ. ಬ್ಯಾಗನ್ನು ಶಿವಣ್ಣನವರೇ ಹಿಡಿದುಕೊಂಡಿದ್ದರು.

ಮಧ್ಯಾಹ್ನ ಕ್ಷೇತ್ರ ಪರಿಣತರ ಹೇಳಿಕೆ ಪಡೆಯಲಾಯಿತು. ಶಶಿಧರ್ ಕೈಕಟ್ಟಿ ನಿಂತು ಹೇಳಿದ: "ಸಾ, ಕಲ್ತೋರು ನಿಂತ್ಕತ್ತಾರೆ. ನಿಂತ್ಕಂಡೋರ್ತಾವ ಕಿತ್ಕಳದು ಸುಲ್ಬ. ಕೂಗ್ಕಳೋರು, ಓಡೋರು ಕಂಡ್ರೇನೇ ನಂಗೆ ಭಯ. ಆಯಮ್ಮ ಕಚ್ಚೇಬುಟ್ರು. ಕಚ್ತಾರೆ ಅಂತ ನಾನ್ ಅನ್ಕಂಡಿರ್ಲಿಲ್ಲ ಸಾ."

ಹೇಳಿಕೆ ತಾಂತ್ರಿಕ ಸ್ವರೂಪದ್ದಲ್ಲವೆಂದು ಸಮಿತಿ ಅದನ್ನು ಕಡತಕ್ಕೆ ಸೇರಿಸಲಿಲ್ಲ.

ಸಮಿತಿಯ ವರದಿ ನಾಲ್ಕನೆಯ ದಿನ ಬಂತು. ಮೂರೂ ಕಲೆಗಳು ಸಂಪೂರ್ಣ ಪರಿಣಾಮಕಾರಿ, ದಾಳಿ ಮಾತ್ರ ದೋಷಪೂರಿತ ಎಂಬುದು ಅದರ ಸಾರ. ದೋಷ ನಿವಾರಣೆಗೆ ಘಟಕ ಸುತ್ತೋಲೆ ಹೊರಡಿಸಿತು. ದಾಳಿಯನ್ನು ಎದುರಿನಿಂದ, ಮೂರು ಹೆಜ್ಜೆ ಅಂತರದಿಂದ, ಕಚೇರಿ ವೇಳೆಯಲ್ಲಿ ಮಾಡತಕ್ಕದ್ದು. ದಾಳಿಕೋರನು ತನ್ನ ಉದ್ದೇಶವನ್ನು ಬಾಯಿಮಾತಿನಲ್ಲಿ ತಿಳಿಸಿ, ಮಹಿಳೆಯು ವಂದಿಸಿ, ಕಾಲು ಅಗಲಿಸಿ, 'ತಯಾರು' ಎನ್ನುವವರೆಗೂ ಕಾಯತಕ್ಕದ್ದು. ಹೀಗೆ ಮಾಡದ ದಾಳಿಯನ್ನು ದಾಳಿಯೆಂದು ಪರಿಗಣಿಸಲಾಗುವುದಿಲ್ಲ. ಪ್ರತಿಗಳನ್ನು ಬಸ್ ನಿಲ್ದಾಣಗಳಲ್ಲಿ ಅಂಟಿಸಲಾಯಿತು.

ಬೆಟ್ಟಮ್ಮನವರ ಹೆಸರಿಗೆ ಬೇರೆಯೇ ಒಂದು ನೋಟೀಸು ಹೋಯಿತು. ಮಾನ್ಯತೆ ಇಲ್ಲದ ವಿಧಾನದಲ್ಲಿ ತಮ್ಮನ್ನು ರಕ್ಷಿಸಿಕೊಂಡದ್ದಕ್ಕೆ ಏಳು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು. ಅವರು ಅದನ್ನು ಶಾಲೆಯ ಮೇಷ್ಟರಿಂದ ಓದಿಸಿಕೊಂಡು ನೇರವಾಗಿ ಕಚೇರಿಗೆ ಬಂದರು.

"ಅವನೇನ್ ಕೇಳ್ಕಂಡು ಬಂದಿದ್ನಾ ಸಾಮಿ, ನಾನ್ ಕೇಳ್ಕಂಡು ಕಚ್ಚಕ್ಕೆ?"

ಸಾಹೇಬರಿಗೆ ಕರುಣೆಯಿತ್ತು. ಒಂದು ದಾರಿಯಿದೆ ಎಂದರು. ಬೆಟ್ಟಮ್ಮನವರು ಹದಿನೈದು ದಿನದ ಸಂಯುಕ್ತ ತರಬೇತಿ ಮುಗಿಸಬೇಕು. ಪ್ರಮಾಣಪತ್ರಕ್ಕೆ ಘಟನೆಯ ಹಿಂದಿನ ದಿನದ ತಾರೀಖು ಹಾಕಬಹುದು. ಆಗ ಹದಿನಾಲ್ಕನೆಯ ಅಂಕಣ ತುಂಬುತ್ತದೆ, ಯಶೋಗಾಥೆ ಅಚ್ಚಾಗುತ್ತದೆ, ಹಲ್ಲು ಬಿಡುಗಡೆಯಾಗುತ್ತದೆ.

ಬೆಟ್ಟಮ್ಮ ಬೆರಳು ಮಡಚಿ ದಿನ ಎಣಿಸಿದರು. ಹತ್ತೊಂಬತ್ತಕ್ಕೆ ಇನ್ನೂ ಮೂರು ವಾರವಿತ್ತು. "ಆಯ್ತು ಬುಡಿ, ಕಲೀತೀನಿ," ಎಂದರು.

ತರಬೇತಿ ಮದ್ದೂರಿನಲ್ಲಿ, ಶಾಲೆ ಬಿಟ್ಟ ಮೇಲೆ. ನವೀದ್ ವಂದನೆ ಕಲಿಸಿದರು. ಕರಿಯಪ್ಪ ತೊಡೆ ತಟ್ಟುವುದನ್ನು ಕಲಿಸಿದರು. ಶಿವಣ್ಣ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತೇ ಒದೆಯುವುದನ್ನು ವಿವರಿಸಿದರು. ಮಾದರಿ ದಾಳಿಕೋರನ ಹುದ್ದೆಗೆ ಶಶಿಧರನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡೆವು. ಸುತ್ತೋಲೆಯನ್ನು ಪೂರ್ತಿ ಓದಿದವನು ತಾಲ್ಲೂಕಿನಲ್ಲಿ ಅವನೊಬ್ಬನೇ.

ಮೊದಲ ದಿನ ಅವನು ಎದುರು ಬಂದು, "ದಾಳಿ ಮಾಡ್ತಾ ಇವ್ನಿ ಕಣಮ್ಮ," ಎಂದು ಹೇಳಿ ಬ್ಯಾಗು ಹಿಡಿದ. ಬೆಟ್ಟಮ್ಮನವರು ಅವನನ್ನು ದಬ್ಬಿ, ಬೀಳಿಸಿ, ಮೇಲೆ ಕೂತರು. ಹತ್ತು ಅಂಕ ಕಡಿತವಾಯಿತು.

"ಕೈ ತಡೀನಿಲ್ಲ ಕಣಪ್ಪ," ಎಂದು ಅವರು ನನ್ನಲ್ಲಿ ಕ್ಷಮೆ ಕೇಳಿದರು.

ಎರಡನೆಯ ದಿನವೂ ಕೂತರು. ಐದನೆಯ ದಿನ ಕೂರಲು ಹೋಗಿ ತಡೆದುಕೊಂಡರು. ಅವರಿಗೆ ಅದು ಕಷ್ಟವಾಗುತ್ತಿತ್ತು ಎಂಬುದು ಮುಖದಲ್ಲಿ ಕಾಣುತ್ತಿತ್ತು. ಮನೆಯಲ್ಲಿ ಒಲೆಯ ಮುಂದೆ ನಿಂತು ವಂದನೆ ಅಭ್ಯಾಸ ಮಾಡುತ್ತಿದ್ದರಂತೆ. ಹನ್ನೆರಡನೆಯ ದಿನ ಶಶಿಧರ್ ಬ್ಯಾಗು ಹಿಡಿದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದು, ಕೈ ಜೋಡಿಸಿ ಬಾಗಿ, ಕಾಲು ಅಗಲಿಸಿ, ತೊಡೆ ತಟ್ಟಿ, "ತಯಾರು" ಎಂದರು. ಶಶಿಧರ್ ನಿಯಮದಂತೆ ತಾನಾಗಿಯೇ ಬಿದ್ದ. ನವೀದ್ ಒಬ್ಬರನ್ನು ಬಿಟ್ಟು ಎಲ್ಲರೂ ಚಪ್ಪಾಳೆ ತಟ್ಟಿದೆವು. ನವೀದ್ ಹೊರಗೆ ಹೋಗಿ ತಮ್ಮ ಗಾಡಿ ಒರೆಸುತ್ತಿದ್ದರು.

ಕೊನೆಯ ಪರೀಕ್ಷೆಯಲ್ಲಿ ಬೆಟ್ಟಮ್ಮನವರಿಗೆ ನೂರಕ್ಕೆ ತೊಂಬತ್ತೆರಡು ಅಂಕ ಬಂತು.

ಹದಿನೆಂಟರ ಶನಿವಾರ ಸಂಜೆ ಐದೂವರೆಗೆ ಹಲ್ಲಿನ ಲಕೋಟೆಯನ್ನು ಅವರ ಕೈಗೆ ಕೊಟ್ಟೆವು. ಅರಗಿನ ಮುದ್ರೆಯನ್ನು ಪತ್ರಾಂಕಿತ ಅಧಿಕಾರಿಯೊಬ್ಬರ ಸಮಕ್ಷಮದಲ್ಲೇ ಒಡೆಯಬೇಕೆಂಬ ನಿಯಮವಿದೆ. ಸಾಹೇಬರು ಅಷ್ಟರಲ್ಲಿ ಮನೆಗೆ ಹೋಗಿದ್ದರು. ಬೀಗರ ಕಡೆಯಲ್ಲಿ ಒಬ್ಬರು ಸರ್ಕಾರಿ ದನದ ಡಾಕ್ಟರು ಇದ್ದಾರೆ, ಅವರೂ ಊಟಕ್ಕೆ ಬರುತ್ತಾರೆ, ಅವರ ಮುಂದೆ ಒಡೆಸಿ ಹಾಕಿಕೊಳ್ಳುತ್ತೇನೆ ಎಂದು ಬೆಟ್ಟಮ್ಮ ಲಕೋಟೆಯನ್ನು ಬ್ಯಾಗಿನಲ್ಲಿಟ್ಟುಕೊಂಡರು. ಹೋಗುವಾಗ ನನಗೂ ಒಂದು ಮಾತು ಹೇಳಿದರು: "ಕಾಲ್ ಸೂಪು ಮಾಡಿಸ್ತಾವ್ರೆ. ನೀನೂ ಬಾ ಮಗ."

ಕೆಲಸವಿದ್ದುದರಿಂದ ನನಗೆ ಹೋಗಲಾಗಲಿಲ್ಲ.

ಭಾನುವಾರ ಬೆಳಗ್ಗೆ ಅವರು ಮದ್ದೂರಿನಿಂದ ಮಳವಳ್ಳಿಗೆ ಬಂದು, ಕಿರುಗಾವಲು ಬಸ್ಸಿಗಾಗಿ ಒಂದು ಬೇಕರಿಯ ಮುಂದೆ ನಿಂತಿದ್ದರು. ರೇಷ್ಮೆ ಸೀರೆ ಉಟ್ಟಿದ್ದರು. ಹಿಂದಿನಿಂದ ಬೈಕಿನಲ್ಲಿ ಬಂದ ಅಪರಿಚಿತನೊಬ್ಬ ಬ್ಯಾಗಿಗೆ ಕೈ ಹಾಕಿದ. ಪಟ್ಟಿ ಎಂದಿನಂತೆ ತೋಳಿಗೆ ಸುತ್ತಿಕೊಂಡಿತ್ತು. ಬೆಟ್ಟಮ್ಮನವರು ಎರಡು ಹೆಜ್ಜೆ ಹಿಂದೆ ಸರಿದು ಕೈ ಜೋಡಿಸಿದರು. ಕೈ ಜೋಡಿಸಬೇಕಾದರೆ ತೋಳು ಸಡಿಲ ಬಿಡಬೇಕು. ಪಟ್ಟಿ ಜಾರಿತು. ಹಿರಿಯ ಹೆಂಗಸೊಬ್ಬರು ನಮಸ್ಕಾರ ಮಾಡುತ್ತಿರುವುದನ್ನು ಕಂಡು ಆ ಅಪರಿಚಿತನೂ ತಿಳಿಯದೆ ತಲೆ ಬಾಗಿಸಿದ. ಆಮೇಲೆ ಬ್ಯಾಗಿನ ಸಮೇತ ಹೋದ. ಬೆಟ್ಟಮ್ಮನವರು ಕಾಲು ಅಗಲಿಸಿ, ತೊಡೆ ತಟ್ಟಿ, "ತಯಾರು" ಎಂದರು. ಬಸ್ಸು ಬಂದು ಕಂಡಕ್ಟರು ಕರೆಯುವವರೆಗೂ ಅದೇ ಭಂಗಿಯಲ್ಲಿದ್ದರು. ವಿಷಯ ಕೇಳಿದ ಕಂಡಕ್ಟರು ಟಿಕೆಟ್ಟು ಕೇಳಲಿಲ್ಲ.

ಬೀಗರೂಟದಲ್ಲಿ ಅವರು ಎರಡನೆಯ ಪಂಕ್ತಿಗೆ ಕೂತರು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಒಂದು ನಲ್ಲಿಮೂಳೆಯನ್ನು ಸ್ವಲ್ಪ ಹೊತ್ತು ಚೀಪಿ ಎಲೆಯ ಬದಿಗಿಟ್ಟರು.

"ಅಲ್ಲು ಎಲ್ಲಿ ಅತ್ತಿಗೆ?" ಎಂದು ನಾದಿನಿ ಕೇಳಿದರು.

"ಪದ್ಧತಿ ಪ್ರಕಾರ ಓಯ್ತು ಕಣವ್ವ."

ಸೋಮವಾರ ಸಮಿತಿ ತುರ್ತಾಗಿ ಸೇರಿತು. ಬೇಕರಿಯ ಕ್ಯಾಮೆರಾದ ದೃಶ್ಯವನ್ನು ಸಾಹೇಬರು ಐದು ಸಲ ಹಾಕಿಸಿ ನೋಡಿದರು. ನಮ್ಮ ತರಬೇತಿ ಪಡೆದ ಮಹಿಳೆಯೊಬ್ಬರು ನಿಜವಾದ ರಸ್ತೆಯಲ್ಲಿ ನಿಜವಾದ ಕಳ್ಳನ ಎದುರು ಪಠ್ಯಕ್ರಮವನ್ನು ಪಾಲಿಸಿದ್ದು ಇದೇ ಮೊದಲು. ಸಾಹೇಬರ ಕಣ್ಣಲ್ಲಿ ನೀರಿತ್ತು. ಭಂಗಿಗೆ ತಜ್ಞರು ನೂರಕ್ಕೆ ತೊಂಬತ್ತೆಂಟು ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿರಲಿಲ್ಲವೆಂದು ಎರಡು ಅಂಕ ಹೋಯಿತು. ನವೀದ್ ಸಹಿ ಮಾಡುವಾಗ ತಲೆಯೆತ್ತಲಿಲ್ಲ, ಆದರೆ ಸಹಿ ಮಾಡಿದರು.

ಶಶಿಧರನಿಗೆ ಮಾತ್ರ ಸಿಟ್ಟು ಬಂದಿತ್ತು. "ಇಂದ್ಲಿಂದ ಬಂದವ್ನೆ ಸಾ. ಏಳಿಲ್ಲ, ಕಾದಿಲ್ಲ. ಇದು ದಾಳಿ ಅಲ್ಲ ಸಾ, ಕಳ್ತನ," ಎಂದ.

ಸುತ್ತೋಲೆಯ ಪ್ರಕಾರ ಅವನ ಮಾತು ಸರಿಯಾಗಿತ್ತು. ದಾಳಿ ಅಸಿಂಧುವಾಯಿತು. ಅಸಿಂಧು ದಾಳಿಯಲ್ಲಿ ಯಾವ ವಸ್ತುವೂ ಕಳೆದುಹೋಗಲು ಅವಕಾಶವಿಲ್ಲವಾದ್ದರಿಂದ, ಬ್ಯಾಗು ಮತ್ತು ಅದರೊಳಗಿನ ಲಕೋಟೆ ತಮ್ಮ ಬಳಿಯೇ ಇವೆ ಎಂದು ಬೆಟ್ಟಮ್ಮನವರಿಂದ ಬರೆಸಿಕೊಳ್ಳಲು ತೀರ್ಮಾನವಾಯಿತು. ನಾನು ಕಾಗದ ಮುಂದಿಟ್ಟೆ.

ಅವರು ಪೆನ್ನು ಹಿಡಿದು ಸಾಹೇಬರ ಕಡೆ ತಿರುಗಿದರು. "ಅಂಗಾದ್ರೆ ಮೊದಲ್ನೇ ಸಲ ನಾನ್ ಮಾಡಿದ್ದು ತಪ್ಪಾ ಸಾಮಿ?"

"ತಪ್ಪೇನಿಲ್ಲ ತಾಯಿ. ಅದು ಫಲಿಸಿತು, ಅಷ್ಟೆ," ಎಂದರು ಸಾಹೇಬರು.

ಬೆಟ್ಟಮ್ಮ ಸಹಿ ಹಾಕಿದರು. ಅವರಿಗೆ ಶಾಲು ಹೊದಿಸಿ, ಯಶೋಗಾಥೆಗಾಗಿ ಫೋಟೋ ತೆಗೆಸಿದೆವು. ಬಾಯಿ ಮುಚ್ಚಿಕೊಂಡು ನಗಬೇಕೆಂದು ಫೋಟೋದವನು ಹೇಳಿದ, ಅವರು ಹಾಗೆಯೇ ನಕ್ಕರು. ಆಮೇಲೆ ಕಾಫಿ ಬಂತು, ಜೊತೆಗೆ ಗರಿಗರಿಯಾದ ಮದ್ದೂರು ವಡೆ. ಬೆಟ್ಟಮ್ಮನವರು ತಮ್ಮ ಪಾಲಿನ ವಡೆಯನ್ನು ಮುರಿದು ಕಾಫಿಯಲ್ಲಿ ಅದ್ದಿ, ಅದು ಮೆತ್ತಗಾಗಲೆಂದು ಕಾಯುತ್ತಾ ಕೂತರು. ನಾವೆಲ್ಲ ತಿಂದು ಮುಗಿಸಿ ಕೈ ತೊಳೆದೆವು. ಹಾಜರಿದ್ದ ಎಲ್ಲರೂ ಉಪಾಹಾರ ಸೇವಿಸಿದರೆಂದು ಬರೆದು ನಾನು ನಡವಳಿಯನ್ನು ಮುಕ್ತಾಯಗೊಳಿಸಿದೆ.